ಇವತ್ತೇ ಕ್ಷಮಿಸಿ: ಕಲಬುರಗಿಯ ಕ್ರೈಸ್ತ ಯುವಜನರಿಗೆ 10 ಸೂತ್ರಗಳು

ಕಮಲಾಪುರದಿಂದ ಕಲಬುರಗಿಗೆ ದಿನಾ ಓಡಾಡುವವರೇ, ಬಸ್ಸಿನಲ್ಲಿ ಕೂತಾಗ ನಿಮ್ಮ ತಲೆಯಲ್ಲಿ ಏನು ಓಡುತ್ತದೆ? ಕೋಚಿಂಗ್ ಕ್ಲಾಸಿನ ನೋಟ್ಸ್ ಓಡಬೇಕು. ಇಂಟರ್‌ವ್ಯೂಗೆ ಕೊಡಬೇಕಾದ ಉತ್ತರ ಓಡಬೇಕು. ಆದರೆ ಬಹಳ ಜನರಿಗೆ ಓಡುವುದು ಬೇರೆಯೇ: ಹೊಲ ಪಾಲಾದ ದಿನ ಕಾಕಾ ಅಂದ ಮಾತು, ತಾವು ಮಾಡಿದ ರಿಪೋರ್ಟನ್ನು ಸಹೋದ್ಯೋಗಿ ತನ್ನ ಹೆಸರಿನಲ್ಲಿ ಕಳಿಸಿದ್ದು, ಕೈಗಡ ತಗೊಂಡ ಗೆಳೆಯ ಫೋನ್ ಎತ್ತದೇ ಇರುವುದು. ಬಸ್ ಇಳಿಯುವಷ್ಟರಲ್ಲಿ ಅರ್ಧ ಶಕ್ತಿ ಖಾಲಿ.

ನೀವು ಮೇಲೆ ಬರಬೇಕೆಂದು ಹೊರಟವರು. ಆ ಶಕ್ತಿ ನಿಮಗೆ ಬೇಕು. ಜೊತೆಗೆ ನೀವು ಯೇಸುವಿನ ಹಿಂದೆ ನಡೆಯುವವರು. ಮೆಥಡಿಸ್ಟ್ ಸಭೆಯವರಿರಲಿ, 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಕ್ಯಾಥೊಲಿಕ್ ಧರ್ಮಕ್ಷೇತ್ರದವರಿರಲಿ, ಓಣಿಯ ಪ್ರಾರ್ಥನಾ ಮನೆಗೆ ಹೋಗುವವರಿರಲಿ, ಕ್ಷಮಿಸುವುದು ನಿಮಗೆ ಆಪ್ಷನಲ್ ಸಬ್ಜೆಕ್ಟ್ ಅಲ್ಲ, ಕಂಪಲ್ಸರಿ ಪೇಪರ್. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅದು ಷರತ್ತಾಗಿ ಕೂತಿದೆ: ನಾವು ಬೇರೆಯವರನ್ನು ಕ್ಷಮಿಸಿದ ಅಳತೆಯಲ್ಲೇ ನಮ್ಮನ್ನೂ ಕ್ಷಮಿಸು ಎಂದು ದೇವರಲ್ಲಿ ಕೇಳುತ್ತೇವೆ. ಪ್ರತಿ ಭಾನುವಾರ ಬಾಯಿಪಾಠದಲ್ಲಿ ಹೇಳುವ ಈ ಮಾತನ್ನು ಸೋಮವಾರ ಜಾರಿಗೆ ತರುವುದು ಹೇಗೆ? ಪೆನ್ನು ತಗೊಳ್ಳಿ.

1. ನಿರ್ಧಾರ ಮೊದಲು ಮಾಡಿ. ಮನಸ್ಸು ಹಿಂದೆಯೇ ಬರುತ್ತದೆ.

"ಇನ್ನೂ ಮನಸ್ಸು ಬಂದಿಲ್ಲ" ಎಂದು ಕಾಯಬೇಡಿ. ಬೆಳಗ್ಗೆ ಐದಕ್ಕೆ ಎದ್ದು ಓದುವುದಕ್ಕೆ ಮನಸ್ಸು ಬರಲಿ ಅಂತ ಕಾದಿದ್ದೀರಾ? ಅಲಾರಂ ಇಟ್ಟಿರಿ, ಎದ್ದಿರಿ. ಇದೂ ಹಾಗೆಯೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ಕ್ಷಮೆಯನ್ನು ಎರಡು ಭಾಗ ಮಾಡಿ ನೋಡುತ್ತಾರೆ. ಒಂದು, ನಿರ್ಧಾರದ ಕ್ಷಮೆ: ಇನ್ನು ಸೇಡಿನ ದಾರಿ ಹಿಡಿಯುವುದಿಲ್ಲ, ಇವನನ್ನು ಮನುಷ್ಯನಂತೆಯೇ ನೋಡುತ್ತೇನೆ ಎಂಬ ತೀರ್ಮಾನ. ಇದು ಒಂದು ನಿಮಿಷದ ಕೆಲಸ. ಇನ್ನೊಂದು, ಭಾವನೆಯ ಕ್ಷಮೆ: ಒಳಗಿನ ಕಹಿ ಹೋಗಿ ಆ ಜಾಗದಲ್ಲಿ ಕನಿಕರ ಬರುವುದು. ಇದಕ್ಕೆ ಕಾಲ ಬೇಕು. ಕಮಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮೂರಿನ ಕೆಂಪು ಬಾಳೆ ಬೇರೆ ತಳಿಗಳಿಗಿಂತ ತಡವಾಗಿಯೇ ಗೊನೆ ಹಾಕುತ್ತದೆ. ಆದರೂ ಗಿಡ ನೆಡುವ ದಿನವನ್ನು ಯಾರೂ ಮುಂದೂಡುವುದಿಲ್ಲ. "ನನ್ನಿಂದ ಆಗುತ್ತಾ?" ಎಂಬ ಅನುಮಾನ ಬಂದರೆ ಅದನ್ನು ಹಳೆಯ ಅಭ್ಯಾಸ ಎಂದು ಗುರುತಿಸಿ, ಬದಲಿಸಿ. ಇವತ್ತಿನ ತಾರೀಖು ಹಾಕಿ ಬರೆಯಿರಿ: ಇಂಥವರ ಮೇಲೆ ಸೇಡು ತೀರಿಸುವುದಿಲ್ಲ.

2. ಲೆಕ್ಕ ಹಾಕಿ. ನಿಜವಾಗಿಯೂ ಕ್ಯಾಲ್ಕುಲೇಟರ್ ತೆಗೆಯಿರಿ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಲಗಾರನ ಕಥೆ ನಿಮಗೆ ಗೊತ್ತು. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ರಾಜ ಪೂರ್ತಿ ಮನ್ನಾ ಮಾಡಿದ. ಅದೇ ಸೇವಕ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ.

ಒಂದು ದಿನಾರಿ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ದಿನಕ್ಕೆ 500 ರೂಪಾಯಿ ಹಿಡಿದರೆ 3,000 ಕೋಟಿ ರೂಪಾಯಿ. ಜೊತೆಗಾರನ ಸಾಲ? 50,000 ರೂಪಾಯಿ.

ಇಲ್ಲಿ ಒಂದು ವಿಷಯ ಗಮನಿಸಿ, ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. 50,000 ಸಣ್ಣ ಮೊತ್ತವಲ್ಲ. ನೂರು ದಿನದ ಬೆವರು ಅದು. ಯೇಸು ಆ ಸಾಲವನ್ನು ಸೊನ್ನೆ ಎಂದು ಹೇಳಲಿಲ್ಲ. ನಿಮಗಾದ ನೋವನ್ನೂ ಸೊನ್ನೆ ಎಂದು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಡುತ್ತಾನೆ, ಅಷ್ಟೇ. ಯಾರ ಮೇಲಾದರೂ ಸಿಟ್ಟು ಏರಿದಾಗ ಈ ಎರಡು ಸಂಖ್ಯೆಗಳನ್ನು ನೆನಪಿಸಿಕೊಳ್ಳಿ. ಮನ್ನಾ ಆಗಿರುವ ನಿಮ್ಮ ಲೆಕ್ಕ ಮೊದಲು, ಅವನ ಬಾಕಿ ಆಮೇಲೆ.

3. ನೋವಿಗೆ ಸರಿಯಾದ ಹೆಸರಿಡಿ.

"ಅವನು ಸರಿ ಇಲ್ಲ" ಎಂದರೆ ಯಾವುದನ್ನು ಕ್ಷಮಿಸುತ್ತೀರಿ? ಅವನ ಇಡೀ ಬದುಕನ್ನೇ? ಆಗದು. ಒಂದೇ ವಾಕ್ಯದಲ್ಲಿ ಬರೆಯಿರಿ: ಯಾರು, ಯಾವಾಗ, ಏನು ಮಾಡಿದರು, ನಿಮಗೆ ಏನು ನಷ್ಟವಾಯಿತು. "ಮದುವೆ ಮನೆಯಲ್ಲಿ ಎಲ್ಲರ ಮುಂದೆ ಅತ್ತಿಗೆ ನನ್ನ ಕೆಲಸದ ಬಗ್ಗೆ ಹೀಯಾಳಿಸಿದರು" ಎಂದು ಬರೆದರೆ ಅದಕ್ಕೊಂದು ಗಾತ್ರ ಬರುತ್ತದೆ. ಗಾತ್ರ ಇರುವುದನ್ನು ಎತ್ತಿ ಪಕ್ಕಕ್ಕಿಡಬಹುದು.

ವರ್ದಿಂಗ್ಟನ್ ಅವರ ಐದು ಹೆಜ್ಜೆಯ ಕ್ರಮವೂ ಇಲ್ಲಿಂದಲೇ ಶುರು. ಮೊದಲು ಆದದ್ದನ್ನು ಸುಳ್ಳು ಸೇರಿಸದೆ ನೆನೆಯಬೇಕು. ನಂತರ ಎದುರಿನವನ ಜಾಗದಲ್ಲಿ ನಿಂತು ನೋಡಬೇಕು. ಮೂರನೆಯದು, ಹಿಂದೆ ಯಾರೋ ನಿಮ್ಮನ್ನು ಕ್ಷಮಿಸಿದ್ದನ್ನು ನೆನೆದು ಅದೇ ಉಡುಗೊರೆಯನ್ನು ಇವನಿಗೂ ಕೊಡಬೇಕು. ನಾಲ್ಕನೆಯದು, ಅದನ್ನು ಬರೆದಿಟ್ಟು ಬದ್ಧರಾಗಬೇಕು. ಐದನೆಯದು, ಸಿಟ್ಟು ಮರಳಿ ಬಂದಾಗ ಆ ಬರಹವನ್ನು ಬಿಡದೆ ಹಿಡಿದುಕೊಳ್ಳಬೇಕು. ಇದು ಬರೀ ಕ್ಲಾಸ್‌ರೂಮ್ ಥಿಯರಿ ಅಲ್ಲ. ವರ್ದಿಂಗ್ಟನ್ ಸ್ವತಃ ಕ್ರೈಸ್ತರು. 1996ರ ಹೊಸ ವರ್ಷದ ಹೊತ್ತಿಗೆ ಮನೆಗೆ ನುಗ್ಗಿದವರು ಅವರ ತಾಯಿಯನ್ನು ಕೊಂದರು. ತಾನು ಕಲಿಸುತ್ತಿದ್ದ ಕ್ರಮವನ್ನು ಅವರು ತನ್ನ ಮೇಲೆಯೇ ಪ್ರಯೋಗಿಸಬೇಕಾಯಿತು. ಈ ಕ್ರಮದ ವರ್ಕ್‌ಬುಕ್ಕನ್ನು ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ ಮತ್ತು ಉಕ್ರೇನಿನ 4,598 ಜನರ ಮೇಲೆ ಪರೀಕ್ಷಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಕೆಲವೇ ಗಂಟೆ ಕೂತು ಬರೆದವರಲ್ಲಿ ಕ್ಷಮೆ ಹೆಚ್ಚಿತು. ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಕಡಿಮೆಯಾದವು. ಎಕ್ಸಾಮ್ ಟೆನ್ಷನ್ ಎಂದು ನೀವು ಹೇಳುವುದರಲ್ಲಿ ಎಷ್ಟು ಪಾಲು ಹಳೆಯ ಜಗಳದ್ದು, ಒಮ್ಮೆ ಪರೀಕ್ಷಿಸಿ.

4. ಒಬ್ಬರೇ ಹೋಗಿ. ಮುಖ ನೋಡಿ ಮಾತಾಡಿ.

ಅದೇ 18ನೇ ಅಧ್ಯಾಯದಲ್ಲಿ ಯೇಸು ಒಂದು ಪ್ರೊಸೀಜರ್ ಕೊಟ್ಟಿದ್ದಾನೆ. ಸಹೋದರ ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇದ್ದಾಗ ತಿಳಿಸಿ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ. ಸಭೆಯ ಮುಂದೆ ತರುವುದು ಆಮೇಲೆ. ನಾವು ಇದನ್ನು ಉಲ್ಟಾ ಮಾಡುತ್ತೇವೆ: ಮೊದಲು ವಾಟ್ಸಾಪ್ ಸ್ಟೇಟಸ್, ನಂತರ ಫ್ಯಾಮಿಲಿ ಗ್ರೂಪ್, ಕೊನೆಗೆ ಆ ಮನುಷ್ಯನ ಜೊತೆ ಮಾತು. ಅಷ್ಟೊತ್ತಿಗೆ ಇಪ್ಪತ್ತು ಜನ ಎರಡು ಪಾರ್ಟಿ ಆಗಿರುತ್ತಾರೆ.

ಮಾತು ಹೇಗೆ ಶುರು ಮಾಡುವುದು? ಚಿಕ್ಕದಾಗಿ, ನಿಮ್ಮ ಮನೆಮಾತಿನಲ್ಲೇ. "ಅಣ್ಣಾ, ಆವತ್ತ ಎಲ್ಲಾರ ಮುಂದ ನೀ ಅಂದ ಮಾತು ನನಗ ಭಾಳ ಬ್ಯಾನಿ ಆಗ್ಯಾದ. ಜಗಳಕ್ಕ ಬಂದಿಲ್ಲ, ಮಾತಾಡ್ಲಿಕ್ಕ ಬಂದೀನಿ." ಆಫೀಸಿನಲ್ಲಾದರೆ, "ಸರ್, ಐದು ನಿಮಿಷ ನಿಮ್ ಕೂಡ ಒಬ್ಬನೇ ಮಾತಾಡಬೇಕ್ರಿ." ಇಷ್ಟು ಹೇಳಿ ನಿಲ್ಲಿಸಿ. ಅವರು ಹೇಳುವುದನ್ನು ಪೂರ್ತಿ ಕೇಳಿ. ಅರ್ಧದಷ್ಟು ಜಗಳಗಳು ಅಲ್ಲೇ ತಣ್ಣಗಾಗುತ್ತವೆ, ಏಕೆಂದರೆ ಎದುರಿನವರಿಗೆ ತಾನು ಅಂದದ್ದು ನೆನಪೇ ಇರುವುದಿಲ್ಲ.

5. ಡೆಡ್‌ಲೈನ್ ಇಟ್ಟುಕೊಳ್ಳಿ: ಭಾನುವಾರ.

ಡೆಡ್‌ಲೈನ್ ಇಲ್ಲದ ಕೆಲಸ ಮುಗಿಯುವುದಿಲ್ಲ. ಯೇಸು ಕೊಟ್ಟ ಡೆಡ್‌ಲೈನ್ ಬಹಳ ಬಿಗಿಯಾದದ್ದು. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದ. ಅಂದರೆ ಆರಾಧನೆಗಿಂತಲೂ ಅರ್ಜೆಂಟ್. ಮೆಥಡಿಸ್ಟ್ ಸಭೆಯ ಕರ್ತನ ಭೋಜನದ ಆಹ್ವಾನದಲ್ಲಿಯೂ, ನೆರೆಯವರೊಂದಿಗೆ ಪ್ರೀತಿ ಸಮಾಧಾನದಿಂದ ಇರುವವರು ಹತ್ತಿರ ಬನ್ನಿ ಎಂಬ ಅರ್ಥದ ಕರೆ ಇದೆ. ಕ್ಯಾಥೊಲಿಕ್ ಪೂಜೆಯಲ್ಲಿ ಪ್ರಸಾದಕ್ಕೆ ಮುಂಚೆಯೇ ಪಕ್ಕದವರಿಗೆ ಸಮಾಧಾನ ಹಾರೈಸುತ್ತಾರೆ.

ಇದನ್ನು ಚರ್ಚಿನ ಒಳಗಿನ ಜಗಳಕ್ಕೇ ಮೊದಲು ಅನ್ವಯಿಸಿ. ಕಮಿಟಿ ಎಲೆಕ್ಷನ್ ಮುಗಿದು ವರ್ಷವಾದರೂ ಎಡಗಡೆ ಬೆಂಚಿನವರು ಬಲಗಡೆ ಬೆಂಚಿನವರನ್ನು ಮಾತಾಡಿಸದ ಸಭೆಗಳಿವೆ. ಕ್ವಾಯರ್‌ನಲ್ಲಿ ಯಾರು ಲೀಡ್ ಹಾಡಬೇಕು ಎಂಬುದಕ್ಕೆ ಮಾತು ಬಿಟ್ಟ ಅಕ್ಕತಂಗಿಯರಿದ್ದಾರೆ. ನೀವು ಯುವಜನರು. ನಿಮ್ಮ ತಂದೆತಾಯಿಯ ಪಾರ್ಟಿಯನ್ನು ನೀವು ಮುಂದುವರಿಸಬೇಕಾಗಿಲ್ಲ. ಈ ಶನಿವಾರ ಸಂಜೆಯೊಳಗೆ ಆ ಕಡೆಯ ಒಬ್ಬರಿಗೆ ಫೋನ್ ಮಾಡಿ. ಭಾನುವಾರ ಅವರ ಪಕ್ಕದಲ್ಲಿ ಕೂತುಕೊಳ್ಳಿ.

6. ಕೆಲಸದ ಜಾಗದಲ್ಲಿ ಎರಡನೇ ಅವಕಾಶ ಕೊಡಿ.

ಪೌಲ ಎಂಥ ಟೀಮ್ ಲೀಡರ್ ಗೊತ್ತಲ್ಲ. ಮೊದಲ ಸುವಾರ್ತಾ ಪ್ರಯಾಣದಲ್ಲಿ ಯುವಕ ಮಾರ್ಕ ಪಂಫುಲ್ಯದಲ್ಲಿ ಟೀಮ್ ಬಿಟ್ಟು ಮನೆಗೆ ಹೋದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಳ್ಳೋಣ ಎಂದ ಬಾರ್ನಬ. ಆಗದು ಎಂದ ಪೌಲ. ಇಬ್ಬರಿಗೂ ಎಷ್ಟು ತೀಕ್ಷ್ಣವಾದ ಜಗಳವಾಯಿತೆಂದರೆ ದಾರಿಗಳೇ ಬೇರೆಯಾದವು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತಿದ. ಕಥೆ ಅಲ್ಲಿಗೆ ನಿಲ್ಲಲಿಲ್ಲ. ವರ್ಷಗಳ ನಂತರ ಸೆರೆಮನೆಯಿಂದ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಉಪಯೋಗವಾಗುತ್ತಾನೆ ಎಂಬರ್ಥದಲ್ಲಿ ಕೇಳುತ್ತಾನೆ. ಸಭೆಯ ಪ್ರಾಚೀನ ಸಂಪ್ರದಾಯದ ಪ್ರಕಾರ ಎರಡನೆಯ ಸುವಾರ್ತೆ ಬರೆದದ್ದು ಈ ಮಾರ್ಕನೇ.

ನಿಮ್ಮ ಡಿಪಾರ್ಟ್‌ಮೆಂಟಿನಲ್ಲೂ ಒಬ್ಬ ಮಾರ್ಕ ಇದ್ದಾನೆ. ಡೆಡ್‌ಲೈನ್ ದಿನ ರಜೆ ಹಾಕಿ ಹೋದವನು, ನಿಮ್ಮ ಮೇಲೆ ಕಂಪ್ಲೇಂಟ್ ಕೊಟ್ಟವನು. ಅವನಿಗೆ ಒಂದು ಸಣ್ಣ, ಅಳೆಯಬಹುದಾದ ಕೆಲಸ ಕೊಡಿ. ಚೆನ್ನಾಗಿ ಮಾಡಿದರೆ ಬಾಸ್ ಮುಂದೆ ಅವನ ಹೆಸರು ಹೇಳಿ. ನೀವು ಜೂನಿಯರ್ ಆಗಿದ್ದು ಅವನು ಸೀನಿಯರ್ ಆಗಿದ್ದರೆ, ಅವನ ಮೇಲಿನ ಕಥೆಗಳನ್ನು ಟೀ ಅಂಗಡಿಯಲ್ಲಿ ಹೇಳುವುದನ್ನು ನಿಲ್ಲಿಸಿ. ದೊಡ್ಡ ಜವಾಬ್ದಾರಿ ಕೊಡುವಾಗ ಮೇಲಿನವರು ನೋಡುವುದು ಇದನ್ನೇ: ಇವನು ಕಷ್ಟದ ಜನರ ಜೊತೆಯೂ ಕೆಲಸ ತೆಗೆಯುತ್ತಾನಾ?

7. ಕ್ಷಮೆ ಬೇರೆ, ಕಾನೂನು ಬೇರೆ. ಎರಡನ್ನೂ ಬೆರೆಸಬೇಡಿ.

ಇದು ಈ ಪಟ್ಟಿಯ ಅತಿ ಮುಖ್ಯ ಸೂತ್ರ. ನಿಧಾನವಾಗಿ ಓದಿ.

1999ರ ಜನವರಿ 22ರ ರಾತ್ರಿ ಒಡಿಶಾದ ಕೆಂದುಝರ್ ಜಿಲ್ಲೆಯ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ತಮ್ಮ ಮಕ್ಕಳಾದ ಫಿಲಿಪ್ ಮತ್ತು ತಿಮೊಥಿ ಜೊತೆ ವಾಹನದಲ್ಲಿ ಮಲಗಿದ್ದರು. ಗುಂಪೊಂದು ಆ ವಾಹನಕ್ಕೆ ಬೆಂಕಿ ಹಚ್ಚಿತು. ಮೂವರೂ ಸುಟ್ಟುಹೋದರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಗ್ರಹಾಂ 1965ರಿಂದಲೂ ಬಾರಿಪದದಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಿದ್ದವರು.

ಪತ್ನಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳು ಎಸ್ತರ್ ಜೊತೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಆಶ್ರಮದ ಕೆಲಸ ಮುಂದುವರಿಸಿದರು. 2004ರಲ್ಲಿ ಗಂಡನ ಹೆಸರಿನ ಆಸ್ಪತ್ರೆ ಅಲ್ಲಿ ಶುರುವಾಯಿತು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇಷ್ಟು ಎಲ್ಲರಿಗೂ ಗೊತ್ತು. ನೀವು ಕಲಿಯಬೇಕಾದ ಭಾಗ ಮುಂದಿದೆ. ಅವರು ಕೇಸ್ ವಾಪಸ್ ತಗೊಳ್ಳಿ ಎಂದು ಹೇಳಲಿಲ್ಲ. ಕ್ಷಮೆಯನ್ನೂ ಅಪರಾಧದ ಪರಿಣಾಮವನ್ನೂ ಬೆರೆಸಬಾರದು ಎಂಬುದು ಅವರ ನಿಲುವು. ವಿಚಾರಣೆ ನಡೆಯಿತು, ಮುಖ್ಯ ಆರೋಪಿ ದಾರಾ ಸಿಂಗ್‌ಗೆ 2003ರಲ್ಲಿ ಮರಣದಂಡನೆ ವಿಧಿಸಲಾಯಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಗ್ಲಾಡಿಸ್ ಸಿಟ್ಟಿನ ಕೈಗೆ ಸಿಗದೆ ತಮ್ಮ ಕೆಲಸ ಮಾಡಿದರು.

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಗಂಡ ಹೊಡೆಯುತ್ತಿದ್ದರೆ, "ಕ್ಷಮಿಸಿ ಸಹಿಸಿಕೋ ಮಗಳೇ" ಎಂದು ಯಾರೇ ಹೇಳಿದರೂ, ಪ್ರಾರ್ಥನೆಯ ಹೆಸರಲ್ಲಿ ಹೇಳಿದರೂ, ಅದು ಸುವಾರ್ತೆಯಲ್ಲ. ಮೊದಲು ಆ ಮನೆಯಿಂದ ಹೊರಗೆ ಬನ್ನಿ. 181 ಮಹಿಳಾ ಸಹಾಯವಾಣಿ, 112 ತುರ್ತು ಸೇವೆ, ಮಕ್ಕಳಿಗೆ 1098. ಜಾತಿ ಹಿಡಿದು ಅವಮಾನ ಮಾಡಿದವರ ಮೇಲೆ, ಆಫೀಸಿನಲ್ಲಿ ಮೈಮುಟ್ಟಿದವರ ಮೇಲೆ ದೂರು ಕೊಡುವುದೂ ಕ್ಷಮಿಸುವುದೂ ಒಂದೇ ಮನಸ್ಸಿನಲ್ಲಿ ಇರಬಹುದು. ದೂರು ಇನ್ನೊಬ್ಬರನ್ನು ಕಾಪಾಡುತ್ತದೆ, ಕ್ಷಮೆ ನಿಮ್ಮೊಳಗೆ ಸೇಡು ಬೇರು ಬಿಡದಂತೆ ನೋಡಿಕೊಳ್ಳುತ್ತದೆ. ಸೇಡನ್ನು ದೇವರಿಗೆ ಬಿಡಿ ಎಂದು ರೋಮಾಪುರದವರಿಗೆ ಬರೆದ ಪೌಲನೇ, ಮುಂದಿನ ಅಧ್ಯಾಯದಲ್ಲಿ ತಪ್ಪಿತಸ್ಥರನ್ನು ದಂಡಿಸುವ ಅಧಿಕಾರ ಸರ್ಕಾರಕ್ಕಿದೆ ಎಂದೂ ಬರೆದ.

8. ಕ್ಷಮೆ ತಕ್ಷಣ ಕೊಡಿ. ನಂಬಿಕೆಯನ್ನು ಕಂತಿನಲ್ಲಿ ಕೊಡಿ.

ಯೋಸೇಫನನ್ನು ನೋಡಿ. ಹದಿನೇಳರ ಹರೆಯದಲ್ಲಿ ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಮೂವತ್ತಕ್ಕೆ ಅವನು ಐಗುಪ್ತದ ಆಡಳಿತಗಾರನಾದ. ಬರಗಾಲದಲ್ಲಿ ಅದೇ ಅಣ್ಣಂದಿರು ಕಾಳಿಗಾಗಿ ಬಂದು ಅಡ್ಡಬಿದ್ದಾಗ ಸೇಡು ತೀರಿಸಲಿಲ್ಲ, ಚೀಲ ತುಂಬಿಸಿ ಕಳಿಸಿದ. ಹಾಗಂತ ಆ ದಿನವೇ ತಾನು ಯಾರೆಂದೂ ಹೇಳಲಿಲ್ಲ. ಸಿಮೆಯೋನನನ್ನು ಇಟ್ಟುಕೊಂಡ, ಕಿರಿಯ ಬೆನ್ಯಾಮೀನನ ಚೀಲದಲ್ಲಿ ಬಟ್ಟಲು ಇಡಿಸಿ ಪರೀಕ್ಷಿಸಿದ. ಅಂದು ಮಾರೋಣ ಎಂದು ಸಲಹೆ ಕೊಟ್ಟ ಯೆಹೂದನೇ ಇಂದು ತಮ್ಮನ ಬದಲಿಗೆ ನಾನು ದಾಸನಾಗಿರುತ್ತೇನೆ ಎಂದು ಮುಂದೆ ಬಂದ. ಅಣ್ಣಂದಿರು ಬದಲಾಗಿದ್ದಾರೆ ಎಂದು ಕಂಡ ಮೇಲೆ ಯೋಸೇಫ ಅಳುತ್ತಾ ತನ್ನ ಗುರುತು ಹೇಳಿದ.

ನೀವೂ ಹಾಗೆ ಮಾಡಿ. ಕೈಗಡ ತಿರುಗಿಸದ ಗೆಳೆಯನನ್ನು ಕ್ಷಮಿಸಿ, ಮದುವೆಗೆ ಹೋಗಿ, ಆಸ್ಪತ್ರೆಯಲ್ಲಿದ್ದರೆ ನೋಡಿಕೊಂಡು ಬನ್ನಿ. ಮತ್ತೆ ಹಣ ಕೇಳಿದರೆ ಕಾಗದದ ಮೇಲೆ ಬರೆಸಿಕೊಳ್ಳಿ. ಹೊಲದ ಬದುವಿನ ಜಗಳ ರಾಜಿಯಾದರೆ ಕಾಕಾನ ಮನೆಯಲ್ಲಿ ರೊಟ್ಟಿ ಉಣ್ಣಿ, ಸರ್ವೆ ಮಾಡಿಸಿ ಕಲ್ಲನ್ನೂ ನೆಡಿಸಿ. ಗುರುತಿನ ಕಲ್ಲು ಇದ್ದರೆ ನಿಮ್ಮ ಮಕ್ಕಳು ಅವರ ಮಕ್ಕಳ ಜೊತೆ ಅದೇ ಜಗಳ ಆಡುವುದಿಲ್ಲ.

9. ಸಿಟ್ಟು ಮರಳಿ ಬಂದರೆ ಗಾಬರಿಯಾಗಬೇಡಿ. ಮತ್ತೊಮ್ಮೆ ಕ್ಷಮಿಸಿ.

ಏಳು ಸಾರಿ ಸಾಕಾ ಎಂದು ಪೇತ್ರ ಕೇಳಿದ. ಅವನ ಲೆಕ್ಕದಲ್ಲಿ ಅದೇ ದೊಡ್ಡ ಉದಾರತೆ. ಯೇಸು ಏಳೆಪ್ಪತ್ತು ಎಂದ. ಎಣಿಸುತ್ತಾ ಕೂತರೆ 490. ಅಷ್ಟರೊಳಗೆ ಎಣಿಕೆಯೇ ತಪ್ಪಿಹೋಗುತ್ತದೆ, ಬಹುಶಃ ಉದ್ದೇಶವೂ ಅದೇ. ಒಂದೇ ತಪ್ಪನ್ನೂ ಹಲವು ಸಾರಿ ಕ್ಷಮಿಸಬೇಕಾಗುತ್ತದೆ. ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಅಕಸ್ಮಾತ್ ಆ ಮುಖ ಕಂಡಾಗ ಹೊಟ್ಟೆ ಉರಿದರೆ, ನಿಮ್ಮ ಮೊದಲ ಕ್ಷಮೆ ಸುಳ್ಳು ಎಂದಲ್ಲ. ಒಂದನೇ ಸೂತ್ರದಲ್ಲಿ ಬರೆದ ಚೀಟಿ ತೆಗೆಯಿರಿ, ತಾರೀಖು ನೋಡಿ, ಅವರ ಹೆಸರು ಹಿಡಿದು ಎರಡು ಸಾಲು ಪ್ರಾರ್ಥಿಸಿ, ನಡೆಯಿರಿ.

ಇದು ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಬೇಕಿದ್ದರೆ ಸಿಸ್ಟರ್ ರಾಣಿ ಮರಿಯ ಅವರ ಮನೆಯವರನ್ನು ನೆನೆಯಿರಿ. ಮಧ್ಯಪ್ರದೇಶದ ಇಂದೋರ್ ಬಳಿ ಬಡ ಕೃಷಿಕೂಲಿಗಳ ಪರ ನಿಂತಿದ್ದ ಈ ಕೇರಳದ ಸಂನ್ಯಾಸಿನಿಯನ್ನು 1995ರ ಫೆಬ್ರವರಿ 25ರಂದು ಸಮಂದರ್ ಸಿಂಗ್ ಎಂಬವನು ಬಸ್ಸಿನಲ್ಲಿ ಇರಿದು ಕೊಂದ. ಅವರ ಸ್ವಂತ ತಂಗಿ, ಸಿಸ್ಟರ್ ಸೆಲ್ಮಿ ಪೌಲ್, ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೂ ಮನೆಯವರು ಒಪ್ಪಿಗೆ ಕೊಟ್ಟರು. ಹೊರಬಂದ ಸಮಂದರ್ ಕೇರಳಕ್ಕೆ ಹೋಗಿ ಆ ತಾಯಿತಂದೆಯ ಕಾಲು ಹಿಡಿದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಧನ್ಯರೆಂದು ಘೋಷಿಸಿದಾಗ ಅವನೂ ಅಲ್ಲಿದ್ದ. ಆ ಮನೆಗೆ ಇದು ಒಂದೇ ದಿನದಲ್ಲಿ ಆಗಲಿಲ್ಲ, ವರ್ಷಗಳು ಹಿಡಿದವು. ನಿಮಗೂ ಹಿಡಿಯಲಿ.

10. ಈಗ ಪಟ್ಟಿಯನ್ನು ತಿರುಗಿಸಿ. ನೀವು ಯಾರಿಗೆ ಬಾಕಿ?

ಕ್ಷಮಿಸಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಬೇಡಿ, ಅದು ಇನ್ನೊಂದು ಅವಮಾನ. ಆ ಉತ್ಸಾಹವನ್ನು ಈ ಕೆಲಸಕ್ಕೆ ಹಾಕಿ: ನಿಮ್ಮಿಂದ ನೊಂದವರ ಹೆಸರು ಬರೆಯಿರಿ. ಯೆರಿಕೋವಿನ ತೆರಿಗೆ ವಸೂಲಿಗಾರ ಜಕ್ಕಾಯ ಬರೀ ಸಾರಿ ಹೇಳಲಿಲ್ಲ. ಅನ್ಯಾಯವಾಗಿ ತಗೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಎಲ್ಲರ ಮುಂದೆ ಹೇಳಿದ.

ನಿಮ್ಮ ಕ್ಷಮಾಪಣೆಯಲ್ಲಿ ಮೂರೇ ವಾಕ್ಯ ಇರಲಿ. ನಾನು ಇಂಥ ತಪ್ಪು ಮಾಡಿದೆ. ಅದರಿಂದ ನಿಮಗೆ ಹೀಗಾಯಿತು. ಅದನ್ನು ಹೀಗೆ ಸರಿಮಾಡುತ್ತೇನೆ. "ಆದರೆ ನೀವೂ..." ಎಂಬ ನಾಲ್ಕನೇ ವಾಕ್ಯ ಬಾಯಿಗೆ ಬಂದರೆ ನುಂಗಿಬಿಡಿ. ಹಣದ ಬಾಕಿ ಇದ್ದರೆ ಮೊದಲ ಕಂತು ಕೈಯಲ್ಲೇ ಹಿಡಿದು ಹೋಗಿ. ಇಲ್ಲದಿದ್ದರೆ ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ ಎಂದು ಅವರ ಎದುರೇ ಬರೆದು ಕೊಡಿ. ಅವರು ಬಾಗಿಲು ಹಾಕಿಕೊಂಡರೆ? ಅದು ಅವರ ಹಕ್ಕು. ಒತ್ತಾಯ ಮಾಡಬೇಡಿ, ಬೈಬಲ್ ವಚನ ಹೇಳಿ ಹೆದರಿಸಬೇಡಿ. ಹಣವನ್ನು ಅವರ ಅಕೌಂಟಿಗೆ ಹಾಕಿ, ಒಂದು ಮೆಸೇಜ್ ಕಳಿಸಿ, ಮುಂದಿನ ತಿಂಗಳು ಅದೇ ತಾರೀಖಿಗೆ ಮುಂದಿನ ಕಂತು ಹಾಕಿ.